ಕಿಟ್ ಕಾರಿಗೆ ವಿ8 ಇಳಿಸುವ ಮುನ್ನ: ಕೋಬ್ರಾ ಮಾದರಿ, ಫೋರ್ಡ್ 302, ಟಿ5 ಗೇರ್‌ಬಾಕ್ಸ್

ಕಿಟ್ ಕಾರು, ಅಂದರೆ ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸುವ ಕಾರು, ಕಟ್ಟುವವರೆಲ್ಲ ತಪ್ಪದೆ ತೆಗೆಯುವ ಫೋಟೊ ಒಂದಿದೆ. ಕ್ರೇನಿನ ಸರಪಳಿಯಲ್ಲಿ ವಿ8 ಎಂಜಿನ್ ತೂಗುತ್ತಿರುತ್ತದೆ, ಕೆಳಗೆ ಚಾಸಿಸ್ ಬಾಯಿ ತೆರೆದು ಕಾಯುತ್ತಿರುತ್ತದೆ. ನಿಜ ಹೇಳಬೇಕೆಂದರೆ ಇಡೀ ಕೆಲಸದಲ್ಲಿ ಅತಿ ಸುಲಭದ ಭಾಗ ಅದೇ. ಇಬ್ಬರಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಎಂಜಿನ್ ಇನ್ನೂ ಸ್ಟ್ಯಾಂಡಿನ ಮೇಲಿರುವಾಗ ಅಳೆಯದೆ ಬಿಟ್ಟದ್ದು, ಹೊಂದುತ್ತದೋ ಇಲ್ಲವೋ ನೋಡದೆ ಜೋಡಿಸಿದ್ದು, ಇವೇ ಆಮೇಲೆ ಎಲ್ಲವನ್ನೂ ಮತ್ತೆ ಮೇಲೆತ್ತಿಸುವುದು.

ಇಲ್ಲಿ ಹೇಳುವುದು ಅಮೆರಿಕದ ಮನೆ ಗ್ಯಾರೇಜುಗಳಲ್ಲಿ ಅತಿ ಹೆಚ್ಚು ಕಾಣುವ ಜೋಡಿಯ ಬಗ್ಗೆ: ಕೋಬ್ರಾ ಮಾದರಿಯ ಚಾಸಿಸ್, ಫೋರ್ಡ್ 302 ಎಂಜಿನ್ (ಫೋರ್ಡಿನದೇ ಮಸ್ಟ್ಯಾಂಗ್ ಕಾರಿನಲ್ಲಿ ಅದಕ್ಕೆ 5.0 ಎಂದು ಹೆಸರು), ಐದು ಗೇರಿನ ಟಿ5, ಹಿಂದೆ 8.8 ಇಂಚಿನ ಆಕ್ಸಲ್. 1962ರಲ್ಲಿ ಕ್ಯಾರಲ್ ಶೆಲ್ಬಿ ಬ್ರಿಟನ್ನಿನ ಎಸಿ ಏಸ್ ಕಾರಿಗೆ ಫೋರ್ಡಿನ 260 ಘನ ಇಂಚಿನ ವಿ8 ಕೂರಿಸಿದ, ಅದೇ ಮೂಲ ಕೋಬ್ರಾ. 302 ಅದೇ ಮನೆತನದ ಎಂಜಿನ್. 1995ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾದ ಫ್ಯಾಕ್ಟರಿ ಫೈವ್ ಕಂಪನಿ ಹಳೆಯ ಮಸ್ಟ್ಯಾಂಗ್ ಒಂದನ್ನು ಬಿಚ್ಚಿ, ಅದರ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ಲನ್ನು ಹಾಗೇ ಎತ್ತಿ ಕೂರಿಸುವಂಥ ಚಾಸಿಸ್ ಮಾಡಿ ಮಾರಿತು. ಹಾಗಾಗಿ ಈ ಜೋಡಿಗೆ ಬಿಡಿಭಾಗ ಧಾರಾಳವಾಗಿ ಸಿಗುತ್ತದೆ. ಅಪಾಯ ಇರುವುದೂ ಅಲ್ಲೇ. ಮೂವತ್ತು ವರ್ಷಗಳ ಬೇರೆ ಬೇರೆ 302ಗಳ ಭಾಗಗಳು ಒಂದಕ್ಕೊಂದು ಬೋಲ್ಟ್ ಆಗುತ್ತವೆ, ಆದರೆ ಬೋಲ್ಟ್ ಆದದ್ದೆಲ್ಲ ಹೊಂದಿಕೆಯಾಗುತ್ತದೆ ಎಂದಲ್ಲ.

ಮೊದಲನೆಯ ಉದಾಹರಣೆ ಫ್ಲೈವೀಲ್, ಕ್ರ್ಯಾಂಕ್‌ಶಾಫ್ಟಿನ ಹಿಂತುದಿಗೆ ಕೂರುವ ಭಾರದ ಚಕ್ರ. 302ರ ಕ್ರ್ಯಾಂಕ್‌ಶಾಫ್ಟ್ ತನ್ನಷ್ಟಕ್ಕೆ ತಾನೇ ಸಮತೋಲದಲ್ಲಿಲ್ಲ. ಮುಂದಿನ ಬ್ಯಾಲೆನ್ಸರ್ ಮತ್ತು ಹಿಂದಿನ ಫ್ಲೈವೀಲ್ ಎರಡರಲ್ಲೂ ಬೇಕೆಂದೇ ಒಂದು ಬದಿಗೆ ತೂಕ ಹೆಚ್ಚಿಟ್ಟು ಅದನ್ನು ಸರಿದೂಗಿಸಿರುತ್ತಾರೆ. 80ರ ದಶಕದ ಆರಂಭದವರೆಗಿನ ಎಂಜಿನ್‌ಗಳಲ್ಲಿ ಈ ತೂಕದ ಲೆಕ್ಕ 28 ಔನ್ಸ್-ಇಂಚು, ಆಮೇಲಿನವುಗಳಲ್ಲಿ 50. ಎರಡೂ ಬಗೆಯ ಫ್ಲೈವೀಲ್ ಒಂದೇ ಕ್ರ್ಯಾಂಕಿಗೆ ಸಲೀಸಾಗಿ ಕೂರುತ್ತವೆ. ತಪ್ಪು ಕೂರಿಸಿದರೆ ವೇಗ ಏರಿದಂತೆ ಇಡೀ ಕಾರು ನಡುಗುತ್ತದೆ, ಮೇನ್ ಬೇರಿಂಗ್‌ಗಳು ಬೇಗ ಸವೆಯುತ್ತವೆ. ಸ್ಟ್ರೋಕ್ ಹೆಚ್ಚಿಸಿ 347 ಮಾಡಿದ ಎಂಜಿನ್ ಕೊಂಡಿದ್ದರೆ ಇನ್ನೂ ಎಚ್ಚರ ಬೇಕು. ಅವುಗಳ ಕ್ರ್ಯಾಂಕ್ 28ರದ್ದೂ ಇರಬಹುದು, 50ರದ್ದೂ ಇರಬಹುದು, ಹೊರಗಿನ ತೂಕವೇ ಬೇಡದ ಸೊನ್ನೆಯದ್ದೂ ಇರಬಹುದು. ಎಂಜಿನ್ ಕಟ್ಟಿಕೊಟ್ಟವರಿಂದ ಈ ಸಂಖ್ಯೆಯನ್ನು ಕಾಗದದ ಮೇಲೆ ಬರೆಸಿಕೊಳ್ಳದೆ ಫ್ಲೈವೀಲ್ ಆರ್ಡರ್ ಮಾಡಬೇಡಿ.

ಫ್ಲೈವೀಲ್ ಕೈಗೆತ್ತಿಕೊಳ್ಳುವ ಮೊದಲು ಎಂಜಿನ್ನಿನ ಹಿಂಬದಿಗೆ ತೆಳು ತಗಡಿನ ಬ್ಲಾಕ್ ಪ್ಲೇಟ್ ಹಾಕಿದ್ದೀರಾ ನೋಡಿ. ಎಂಜಿನ್ನಿಗೂ ಬೆಲ್ ಹೌಸಿಂಗಿಗೂ (ಕ್ಲಚ್ಚನ್ನು ಮುಚ್ಚಿ, ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸುವ ಗಂಟೆಯಾಕಾರದ ಕವಚ) ನಡುವೆ ಬರುವ ಈ ತಗಡನ್ನು ಮರೆಯುವವರು ಎಷ್ಟು ಜನ ಎಂದರೆ, ಇದು ಹೆಚ್ಚುಕಡಿಮೆ ಸಂಪ್ರದಾಯವೇ ಆಗಿಬಿಟ್ಟಿದೆ. ಇದಿಲ್ಲದಿದ್ದರೆ ಸ್ಟಾರ್ಟರ್ ಕೂರುವ ಜಾಗ ಹೆಚ್ಚುಕಮ್ಮಿಯಾಗುತ್ತದೆ. ಫ್ಲೈವೀಲ್, ಕ್ಲಚ್ ಎಲ್ಲ ಬಿಗಿಯಾದ ಮೇಲೆ ನೆನಪಾದರೆ ಎಲ್ಲವನ್ನೂ ಬಿಚ್ಚದೆ ದಾರಿಯಿಲ್ಲ.

ಫ್ಲೈವೀಲಿಗೆ ಆರು ಬೋಲ್ಟ್. ತೂತುಗಳ ಅಂತರ ಸಮವಾಗಿಲ್ಲದ ಕಾರಣ ಅದು ಒಂದೇ ರೀತಿಯಲ್ಲಿ ಕೂರುತ್ತದೆ. ಆರನೇ ಬೋಲ್ಟ್ ಹೊಂದದಿದ್ದರೆ ತೂತು ದೊಡ್ಡದು ಮಾಡಲು ಹೋಗದೆ ಫ್ಲೈವೀಲ್ ತಿರುಗಿಸಿ ನೋಡಿ. ಈ ತೂತುಗಳು ಕ್ರ್ಯಾಂಕ್‌ಕೇಸಿನೊಳಕ್ಕೆ ತೆರೆದಿರುವುದರಿಂದ ಎಳೆಗಳಿಗೆ ಸೀಲೆಂಟ್ ಹಚ್ಚಲೇಬೇಕು. ಹಚ್ಚದಿದ್ದರೆ ಕೆಲವೇ ದಿನಗಳಲ್ಲಿ ಕ್ಲಚ್ ಪ್ಲೇಟಿಗೆ ಆಯಿಲ್ ಸಿಡಿಯುತ್ತದೆ, ಹಿಂದಿನ ಸೀಲ್ ಹೋಯಿತೆಂದು ತಿಳಿದು ಸುಮ್ಮನೆ ಅದನ್ನು ಬದಲಿಸುತ್ತೀರಿ. ಬಿಗಿತ 75ರಿಂದ 85 ಅಡಿ-ಪೌಂಡ್, ಅಂದರೆ ಸುಮಾರು 102ರಿಂದ 115 ನ್ಯೂಟನ್ ಮೀಟರ್. ಎದುರುಬದುರು ಕ್ರಮದಲ್ಲಿ, ಮೂರು ಸುತ್ತಿನಲ್ಲಿ ಬಿಗಿಯಬೇಕು. ಕ್ಲಚ್ ಪ್ಲೇಟ್ 10.5 ಇಂಚು, ನಡುವೆ 10 ಹಲ್ಲಿನ ಸ್ಪ್ಲೈನ್. ಪ್ಲೇಟಿನ ಯಾವ ಮುಖ ಫ್ಲೈವೀಲ್ ಕಡೆಗೆ ಎಂದು ಅದರ ಮೇಲೇ ಬರೆದಿರುತ್ತದೆ. ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೋಲ್ಟ್‌ಗಳು ಮೆಟ್ರಿಕ್, 8 ಮಿ.ಮೀ., 12ರಿಂದ 24 ಅಡಿ-ಪೌಂಡ್ ಸಾಕು. ಎಂಜಿನ್ ಪೂರ್ತಿ ಇಂಚಿನ ಲೆಕ್ಕ, ಕ್ಲಚ್ ಮತ್ತು ಗೇರ್‌ಬಾಕ್ಸಿನ ಬೋಲ್ಟ್‌ಗಳು ಮಿಲಿಮೀಟರ್ ಲೆಕ್ಕ. ಎರಡನ್ನೂ ಒಂದೇ ಡಬ್ಬಿಯಲ್ಲಿ ಸುರಿದುಕೊಂಡರೆ ಕತ್ತಲಾಗುವ ಹೊತ್ತಿಗೆ ಯಾವುದೋ ಒಂದು ತೂತಿನ ಎಳೆ ಹಾಳಾಗಿರುತ್ತದೆ.

ಈಗ ಬಹುತೇಕರು ಹಾರಿಸಿಬಿಡುವ ಕೆಲಸ. ಬೆಲ್ ಹೌಸಿಂಗಿನ ನಡುವಿನ ತೂತು ಕ್ರ್ಯಾಂಕಿನ ಅಚ್ಚಿಗೆ ಸರಿಯಾಗಿ ನಡುವಿನಲ್ಲಿದೆಯೇ ಎಂದು ಅಳೆಯುವುದು. ಬ್ಲಾಕ್ ಒಂದು ಕಾರ್ಖಾನೆಯದು, ಹೌಸಿಂಗ್ ಇನ್ನೊಂದರದು, ನಡುವೆ ಜಾಗ ಹಿಡಿದಿಡುವ ಎರಡು ಡೋವೆಲ್ ಪಿನ್. ಎಲ್ಲರ ತಪ್ಪೂ ಒಂದೇ ದಿಕ್ಕಿಗೆ ಕೂಡಿಕೊಂಡರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೊಟ್ಟಗೆ ಓಡುತ್ತದೆ. ಡಯಲ್ ಗೇಜನ್ನು ಫ್ಲೈವೀಲಿಗೆ ಅಯಸ್ಕಾಂತದ ಬುಡದಿಂದ ಕಚ್ಚಿಸಿ, ಕಡ್ಡಿಯ ತುದಿಯನ್ನು ಹೌಸಿಂಗಿನ ತೂತಿನ ಒಳಗೋಡೆಗೆ ತಾಗಿಸಿ, ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದಿಟ್ಟು, ಕ್ರ್ಯಾಂಕನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ. ಮುಳ್ಳಿನ ಒಟ್ಟು ಓಡಾಟ 0.005 ಇಂಚು (0.13 ಮಿ.ಮೀ.) ದಾಟಬಾರದು. ದಾಟಿದರೆ ನಡು ಪಕ್ಕಕ್ಕೆ ಸರಿಸಿ ಮಾಡಿದ (ಆಫ್‌ಸೆಟ್) ಡೋವೆಲ್‌ಗಳು ಸಿಗುತ್ತವೆ: 0.007, 0.014, 0.021 ಇಂಚಿನವು. ಇಲ್ಲಿ ಲೆಕ್ಕ ತಪ್ಪುವವರೇ ಹೆಚ್ಚು. ಮುಳ್ಳು ತೋರಿಸುವುದು ನಿಜವಾದ ಸರಿತದ ಎರಡರಷ್ಟು. ಮುಳ್ಳು 0.014 ಓಡಿದರೆ ಬೇಕಾದದ್ದು 0.007ರ ಡೋವೆಲ್. ಹೌಸಿಂಗಿನ ಮುಖ ಸಮವಾಗಿದೆಯೇ ಎಂದೂ ಇದೇ ಗೇಜಿನಿಂದ ನೋಡಿ. ಆಗ ಕ್ರ್ಯಾಂಕನ್ನು ಒಂದೇ ಕಡೆಗೆ ಒತ್ತಿ ಹಿಡಿದೇ ತಿರುಗಿಸಬೇಕು, ಇಲ್ಲವಾದರೆ ಅದರ ಹಿಂದುಮುಂದಿನ ಆಟವೂ ಅಳತೆಯೊಳಗೆ ಸೇರಿಬಿಡುತ್ತದೆ.

ಇದನ್ನು ಬಿಟ್ಟರೆ ಏನಾಗುತ್ತದೆ? ತಕ್ಷಣ ಏನೂ ಆಗುವುದಿಲ್ಲ, ಅದೇ ಕಷ್ಟ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಇನ್‌ಪುಟ್ ಶಾಫ್ಟಿನ ತುದಿಯನ್ನು ಕ್ರ್ಯಾಂಕಿನಲ್ಲಿ ಹಿಡಿದಿರುವ ಪೈಲಟ್ ಬೇರಿಂಗ್ ಕೂಗುತ್ತದೆ, ಜೋರು ವೇಗದಲ್ಲಿ ಗೇರ್ ಬದಲಿಸಲು ಹೋದರೆ ಕರಕರ ಎನ್ನುತ್ತದೆ, ನಾಲ್ಕನೇ ಗೇರಿನಿಂದ ತಾನೇ ಹೊರಬೀಳುತ್ತದೆ. ಎಲ್ಲರೂ ಗೇರ್‌ಬಾಕ್ಸನ್ನು ಬೈಯುತ್ತಾರೆ. ಡಯಲ್ ಗೇಜಿಗೆ ಖರ್ಚು ಮಾಡುವ ಹಣ ಗೇರ್‌ಬಾಕ್ಸಿನೊಳಗೆ ಗೇರ್‌ಗಳ ವೇಗ ಹೊಂದಿಸುವ ಸಿಂಕ್ರೋ ರಿಂಗ್‌ಗಳ ಬೆಲೆಯ ಮುಂದೆ ಏನೂ ಅಲ್ಲ.

ಗೇರ್‌ಬಾಕ್ಸ್ ಸೇರಿಸುವಾಗ ನಿಯಮ ಒಂದೇ. ಹೌಸಿಂಗಿಗೂ ಗೇರ್‌ಬಾಕ್ಸಿಗೂ ನಡುವಿನ ಸಂದು ಕೈಬಲದಿಂದಲೇ ಮುಚ್ಚಬೇಕು. ಅರ್ಧ ಇಂಚು ಉಳಿದಿದೆ ಎಂದು ಬೋಲ್ಟ್ ಹಾಕಿ ಎಳೆದರೆ ಒಂದೋ ಪೈಲಟ್ ಬೇರಿಂಗ್ ಪುಡಿಯಾಗುತ್ತದೆ, ಇಲ್ಲವೇ ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಕಿವಿ ಮುರಿಯುತ್ತದೆ. ಮುಚ್ಚದಿರಲು ಕಾರಣ ಸಾಮಾನ್ಯವಾಗಿ ಕ್ಲಚ್ ಪ್ಲೇಟ್ ನಡುವಿನಲ್ಲಿ ಇಲ್ಲದಿರುವುದು. ಅಲೈನ್‌ಮೆಂಟ್ ಪಿನ್ ಹಾಕಿ ಪ್ರೆಶರ್ ಪ್ಲೇಟ್ ಮತ್ತೆ ಸಡಿಲಿಸಿ ಬಿಗಿಯಿರಿ. ಗೇರಿಗೆ ಹಾಕಿ ಹಿಂದಿನ ಶಾಫ್ಟನ್ನು ಸ್ವಲ್ಪ ತಿರುಗಿಸಿದರೆ ಸ್ಪ್ಲೈನ್ ಹಲ್ಲುಗಳು ಸೇರಿಕೊಳ್ಳುತ್ತವೆ. ಸುಮಾರು 34 ಕೆಜಿ ತೂಕದ ಗೇರ್‌ಬಾಕ್ಸನ್ನು ಕ್ಲಚ್ ಪ್ಲೇಟಿನ ಮೇಲೆ ನೇತಾಡಲು ಒಂದು ಕ್ಷಣವೂ ಬಿಡಬೇಡಿ, ಪ್ಲೇಟಿನ ನಡುಭಾಗ ಬಾಗಿದರೆ ಕ್ಲಚ್ ಎಂದಿಗೂ ಪೂರ್ತಿ ಬಿಡುವುದಿಲ್ಲ. ಕೆಳಗೆ ಜಾಕ್ ಇರಲಿ. ನಾಲ್ಕು 12 ಮಿ.ಮೀ. ಬೋಲ್ಟ್‌ಗಳಿಗೆ 45ರಿಂದ 65 ಅಡಿ-ಪೌಂಡ್.

ಟಿ5ಗೆ ಗೇರ್ ಆಯಿಲ್ ಹಾಕುವ ಚಪಲ ನಮ್ಮ ಕಡೆ ಕೆಲಸ ಕಲಿತವರಿಗೆ ಹೆಚ್ಚು. 1985ರಿಂದಾಚೆಯ ಮಸ್ಟ್ಯಾಂಗ್ ಟಿ5ಗೆ ದಪ್ಪ 90 ಆಯಿಲ್ ಅಲ್ಲ, ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಎಟಿಎಫ್ ಬೇಕು, ಸುಮಾರು 2.6 ಲೀಟರ್. ಅದರ ಸಿಂಕ್ರೋ ರಿಂಗ್‌ಗಳ ಒಳಪದರ ದಪ್ಪ ಆಯಿಲಿಗೆ ಮಾಡಿದ್ದಲ್ಲ. ಈಗಲೇ ತುಂಬಬೇಡಿ ಕೂಡ. ಹಿಂದೆ ಯೋಕ್ (ಪ್ರೊಪೆಲ್ಲರ್ ಶಾಫ್ಟಿನ ಮುಂತುದಿ, ಗೇರ್‌ಬಾಕ್ಸಿನೊಳಕ್ಕೆ ಜಾರಿ ಕೂರುವುದು) ಇಲ್ಲದ ಗೇರ್‌ಬಾಕ್ಸನ್ನು ಬಾಲ ಕೆಳಗೆ ಮಾಡಿ ಇಳಿಸುವಾಗ ಅಷ್ಟೂ ನೆಲಕ್ಕೆ ಸುರಿಯುತ್ತದೆ.

ಇನ್ನು ಆ ಫೋಟೊದ ಕೆಲಸ. ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಸೇರಿಸಿಯೇ ಇಳಿಸಿ, ಬಾಡಿ ಇನ್ನೂ ಹಾಕಿರಬಾರದು. ಎರಕದ ಕಬ್ಬಿಣದ 302 ಸುಮಾರು 210 ಕೆಜಿ, ಗೇರ್‌ಬಾಕ್ಸ್ ಸೇರಿದರೆ 250ರ ಹತ್ತಿರ. ಎರಡು ಟನ್ನಿನ ಕ್ರೇನ್ ಎಂದು ಬರೆದಿದ್ದರೂ ತೋಳನ್ನು ಪೂರ್ತಿ ಚಾಚಿದಾಗ ಅದರ ಮಿತಿ ಅರ್ಧ ಟನ್ನಿಗೆ ಇಳಿಯುತ್ತದೆ, ಅದು ಇಲ್ಲಿಗೆ ಸಾಕು. ಸರಪಳಿಯನ್ನು ಒಂದು ಹೆಡ್ಡಿನ ಮುಂದಿನ ತುದಿಗೂ ಇನ್ನೊಂದು ಹೆಡ್ಡಿನ ಹಿಂದಿನ ತುದಿಗೂ ಕಟ್ಟಿ. ಅಲ್ಯೂಮಿನಿಯಂ ಹೆಡ್ ಆದರೆ ಬೋಲ್ಟ್ ತೂತಿನ ಆಳದಷ್ಟೂ ಒಳಗೆ ಹೋಗಿರಬೇಕು. ಕಾರ್ಬ್ಯುರೇಟರ್ ಕೂರುವ ಜಾಗಕ್ಕೆ ಎತ್ತುವ ಪ್ಲೇಟ್ ಹಾಕಿ, ಗೇರ್‌ಬಾಕ್ಸ್ ಸಮೇತ ನಾಲ್ಕು ಸಣ್ಣ ಬೋಲ್ಟ್‌ಗಳಲ್ಲಿ ನೇತುಹಾಕುವುದನ್ನು ಹಲವರು ಮಾಡುತ್ತಾರೆ. ಬೇಡ ಎನ್ನುವುದೇ ನನ್ನ ಮಾತು. ಲೋಡ್ ಲೆವೆಲರ್ ಇದ್ದರೆ ಓರೆಯನ್ನು ಹಿಡಿ ತಿರುಗಿಸಿ ಬದಲಿಸಬಹುದು, ಅದಿಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು.

ಬಾಲವನ್ನು ಕೆಳಕ್ಕೆ ಮಾಡಿ, ಮುಂದಿನ ಅಡ್ಡಪಟ್ಟಿಯ ಮೇಲಿಂದ ದಾಟಿಸಿ, ಬಾಲ ಸುರಂಗದೊಳಕ್ಕೆ ಹೊಕ್ಕ ಮೇಲೆ ಅದರ ಕೆಳಗೆ ಚಕ್ರದ ಜಾಕ್ ಇಟ್ಟು ನಿಧಾನ ಮಟ್ಟ ಮಾಡುತ್ತ ಬನ್ನಿ. ಚಾಸಿಸ್ಸಿನ ಕೊಳವೆಗಳಿಗೆ ಹಳೆಯ ಕಂಬಳಿ ಸುತ್ತಿರಿ. ಎಗ್ಸಾಸ್ಟ್ ಹೆಡರ್, ಡಿಸ್ಟ್ರಿಬ್ಯೂಟರ್, ಆಲ್ಟರ್ನೇಟರ್ ಆಮೇಲೆ ಹಾಕಿದರಾಯಿತು. ಎಂಜಿನ್ ಮೌಂಟಿನ ಬೋಲ್ಟ್‌ಗಳನ್ನು ಕೈಯಲ್ಲಿ ಹತ್ತಿಸಿ ಸಡಿಲವಾಗಿಯೇ ಬಿಡಿ. ಹಿಂದಿನ ಗೇರ್‌ಬಾಕ್ಸ್ ಮೌಂಟ್ ಕೂತು, ಮುಂದೆ ಹೇಳುವ ಕೋನ ಸರಿಹೋಗುವ ತನಕ ಯಾವುದನ್ನೂ ಬಿಗಿಯಬಾರದು. ಕೂತ ಕೂಡಲೇ ಕೆಳಗೆ ಮಲಗಿ ಆಯಿಲ್ ಪ್ಯಾನ್ ನೋಡಿ. ಅದು ಚಾಸಿಸ್ಸಿನ ದೊಡ್ಡ ಕೊಳವೆಗಳಿಗಿಂತ ಕೆಳಗೆ ಇಳಿದಿದ್ದರೆ ರಸ್ತೆಯ ಮೊದಲ ಹಂಪೇ ಅದನ್ನು ಪರೀಕ್ಷಿಸುತ್ತದೆ. ತಗ್ಗು ಪ್ಯಾನ್ ಹಾಕಬೇಕಿದ್ದರೆ ಎಂಜಿನ್ ಸ್ಟ್ಯಾಂಡಿನ ಮೇಲಿದ್ದಾಗಲೇ ಹಾಕಬೇಕಿತ್ತು, ಮತ್ತು ಅದಕ್ಕೆ ತಕ್ಕ ಪಿಕಪ್ ಕೊಳವೆಯನ್ನೂ. ಆಯಿಲ್ ಫಿಲ್ಟರ್ ಬಿಚ್ಚಿ ತೆಗೆಯಲು ಜಾಗವಿದೆಯೇ ಎಂದೂ ಈಗಲೇ ನೋಡಿಕೊಳ್ಳಿ. ಎಡಬದಿಯಲ್ಲಿ ಹೆಡರ್ ಮತ್ತು ಸ್ಟೀರಿಂಗ್ ಶಾಫ್ಟ್ ನಡುವೆ ಒಂದು ಬೆರಳಾದರೂ ಸಂದು ಬೇಕು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಹೊರಳುತ್ತದೆ, ನಿಂತಾಗ ತಾಗದ್ದು ಆಕ್ಸಿಲರೇಟರ್ ಒತ್ತಿದಾಗ ತಾಗುತ್ತದೆ.

ಪ್ರೊಪೆಲ್ಲರ್ ಶಾಫ್ಟಿನ ವಿಷಯಕ್ಕೆ ಬಂದರೆ ಕೋಬ್ರಾ ಮಾದರಿ ಮಸ್ಟ್ಯಾಂಗ್‌ಗಿಂತ ಪೂರ್ತಿ ಬೇರೆ. ಎಂಜಿನ್ ಎಷ್ಟು ಹಿಂದೆ ಕೂರುತ್ತದೆ ಎಂದರೆ ಗೇರ್‌ಬಾಕ್ಸಿಗೂ ಆಕ್ಸಲ್ಲಿಗೂ ನಡುವೆ ಉಳಿಯುವುದು ಸರಿಸುಮಾರು ಒಂದು ಅಡಿ. ಚಿಕ್ಕದಾದಷ್ಟೂ ತಪ್ಪು ದೊಡ್ಡದಾಗಿ ಕಾಣುತ್ತದೆ. 1,200 ಮಿ.ಮೀ. ಉದ್ದದ ಶಾಫ್ಟಿನ ಒಂದು ತುದಿ 10 ಮಿ.ಮೀ. ಮೇಲೆದ್ದರೆ ಕೋನ ಅರ್ಧ ಡಿಗ್ರಿಯೂ ಆಗುವುದಿಲ್ಲ. 270 ಮಿ.ಮೀ. ಶಾಫ್ಟಿನಲ್ಲಿ ಅದೇ 10 ಮಿ.ಮೀ. ಎರಡು ಡಿಗ್ರಿ ದಾಟುತ್ತದೆ.

ಕೋನ ಏಕೆ ಮುಖ್ಯ? ಶಾಫ್ಟಿನ ಎರಡೂ ತುದಿಗಳಲ್ಲಿ ಬಾಗುವ ಕೀಲಾದ ಯು-ಜಾಯಿಂಟ್ ಓರೆಯಾಗಿ ತಿರುಗುವಾಗ ಅದರ ಆಚೆ ತುದಿ ಒಂದೇ ವೇಗದಲ್ಲಿ ಓಡುವುದಿಲ್ಲ, ಪ್ರತಿ ಸುತ್ತಿಗೆ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ತಗ್ಗಿಸುತ್ತದೆ. ಇನ್ನೊಂದು ತುದಿಯ ಜಾಯಿಂಟ್ ಅಷ್ಟೇ ಕೋನದಲ್ಲಿ, ಎದುರು ದಿಕ್ಕಿಗೆ ಇದ್ದರೆ ಈ ಏರಿಳಿತವನ್ನು ಅಳಿಸಿಹಾಕುತ್ತದೆ. ಆದ್ದರಿಂದ ಗೇರ್‌ಬಾಕ್ಸಿನ ಅಚ್ಚು ಮತ್ತು ಪಿನಿಯನ್ನಿನ (ಆಕ್ಸಲ್ಲಿನೊಳಕ್ಕೆ ಶಾಫ್ಟ್ ತಿರುಗಿಸುವ ಗೇರ್) ಅಚ್ಚು ಒಂದಕ್ಕೊಂದು ಸಮಾನಾಂತರವಾಗಿರಬೇಕು, ವ್ಯತ್ಯಾಸ ಒಂದು ಡಿಗ್ರಿಯೊಳಗೆ. ಜಾಯಿಂಟಿನಲ್ಲಿ ಒಂದರಿಂದ ಮೂರು ಡಿಗ್ರಿ ಇದ್ದರೆ ಒಳ್ಳೆಯದು. ಸೊನ್ನೆಯೇ ಅತ್ಯುತ್ತಮ ಅಂದುಕೊಳ್ಳಬೇಡಿ. ಕೋನವೇ ಇಲ್ಲದಿದ್ದರೆ ಕ್ರಾಸಿನ ಸೂಜಿ ಬೇರಿಂಗ್‌ಗಳು ಉರುಳದೆ ನಿಂತಲ್ಲೇ ಕಪ್ಪಿಗೆ ಗುಳಿ ಕೊರೆಯುತ್ತವೆ. ಡಿಜಿಟಲ್ ಕೋನಮಾಪಕ ಇಟ್ಟು ಅಳೆಯಿರಿ, ಗೇರ್‌ಬಾಕ್ಸ್ ಮೌಂಟಿನ ಕೆಳಗೆ ಸ್ಪೇಸರ್ ಹಾಕಿ ಸರಿಪಡಿಸಿ. ಅಳೆಯುವಾಗ ಕಾರು ತನ್ನ ಚಕ್ರಗಳ ಮೇಲೆ, ಓಡುವಾಗಿನ ಎತ್ತರದಲ್ಲೇ ನಿಂತಿರಬೇಕು. ಗಟ್ಟಿ ಆಕ್ಸಲ್ ಇರುವ ಕಾರನ್ನು ಸ್ಟ್ಯಾಂಡಿನ ಮೇಲೆತ್ತಿ ಆಕ್ಸಲ್ ಜೋತುಬಿದ್ದಾಗ ತೆಗೆದ ಅಳತೆ ಕಸಕ್ಕೆ ಸಮ. ಡಿಫರೆನ್ಷಿಯಲ್ಲನ್ನು ಚಾಸಿಸ್ಸಿಗೇ ಬಿಗಿದ ಸ್ವತಂತ್ರ ಸಸ್ಪೆನ್ಷನ್ನಿನಲ್ಲಿ ಈ ತಲೆನೋವಿಲ್ಲ. ಮೇಲಿಂದ ನೋಡಿದಾಗಲೂ ಎರಡೂ ಅಚ್ಚು ಸಮಾನಾಂತರವೇ ಎಂದು ದಾರ ಎಳೆದು ನೋಡಿ. ಪಕ್ಕದ ಓರೆಯೂ ಮೇಲುಕೆಳಗಿನ ಓರೆಯಷ್ಟೇ ಕಾಟ ಕೊಡುತ್ತದೆ.

ಸ್ಲಿಪ್ ಯೋಕನ್ನು ಪೂರ್ತಿ ಒಳಕ್ಕೆ ತಳ್ಳಿ, ಅಲ್ಲಿಂದ ಮುಕ್ಕಾಲು ಇಂಚಿನಿಂದ ಒಂದು ಇಂಚು ಹೊರಗೆಳೆದ ಜಾಗದಲ್ಲಿ ಶಾಫ್ಟ್ ಕೂರಬೇಕು. ಉದ್ದ ಹೆಚ್ಚಾದರೆ ಸಸ್ಪೆನ್ಷನ್ ಕುಗ್ಗಿದಾಗಲೆಲ್ಲ ಯೋಕ್ ಗೇರ್‌ಬಾಕ್ಸಿನ ಶಾಫ್ಟಿಗೆ ಗುದ್ದುತ್ತದೆ. ಕಡಿಮೆಯಾದರೆ ಕೆಲವೇ ಹಲ್ಲುಗಳ ಮೇಲೆ ಎಂಜಿನ್ನಿನ ಬಲವೆಲ್ಲ ಬೀಳುತ್ತದೆ. ಶಾಫ್ಟಿನ ಸುತ್ತ ಸೇಫ್ಟಿ ಲೂಪ್ ಇಲ್ಲದೆ ಓಡಿಸಬೇಡಿ. ಈ ಕಾರಿನಲ್ಲಿ ಶಾಫ್ಟ್ ತಿರುಗುವುದು ನಿಮ್ಮ ಸೊಂಟದ ಪಕ್ಕದಲ್ಲೇ. 8.8 ಆಕ್ಸಲ್ಲಿಗೆ ಗೇರ್ ಆಯಿಲ್ ಸುಮಾರು 1.8 ಲೀಟರ್. ಒಳಗೆ ಟ್ರ್ಯಾಕ್ಷನ್-ಲಾಕ್ (ಫೋರ್ಡಿನ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್) ಇದ್ದರೆ 4 ಔನ್ಸ್ ಫ್ರಿಕ್ಷನ್ ಮಾಡಿಫಯರ್ ಸೇರಿಸಿ, ಇಲ್ಲದಿದ್ದರೆ ತಿರುವಿನಲ್ಲಿ ಹಿಂದಿನಿಂದ ಗೊರಗೊರ ಸದ್ದು ಬರುತ್ತದೆ.

ಕ್ಲಚ್ ಕೇಬಲ್ ಹೆಡರಿನ ಹತ್ತಿರ ಹಾದರೆ ಕವಚ ಕರಗಿ ಒಳಗಿನ ತಂತಿ ಕಚ್ಚಿಕೊಳ್ಳುತ್ತದೆ. ಶಾಖ ತಡೆಯುವ ತೋಳು ಹಾಕಿ, ದೂರದಲ್ಲಿ ಕಟ್ಟಿ. ಹಿಂದಿನ ಚಕ್ರಗಳು ಎತ್ತಿದ್ದಾಗ ಗೇರಿಗೆ ಹಾಕಿ, ಒಬ್ಬರು ಪೆಡಲ್ ತುಳಿದಿರಲಿ, ಇನ್ನೊಬ್ಬರು ಶಾಫ್ಟನ್ನು ಕೈಯಿಂದ ತಿರುಗಿಸಲಿ. ಸಲೀಸಾಗಿ ತಿರುಗಿದರೆ ಕ್ಲಚ್ ಬಿಡುತ್ತಿದೆ. ಬಿಟ್ಟ ಮೇಲೂ ಪೆಡಲ್ ಇನ್ನೂ ಬಹಳ ಕೆಳಗೆ ಹೋಗುತ್ತಿದ್ದರೆ ತಡೆ ಬೋಲ್ಟ್ ಹಾಕಿ, ಅತಿಯಾಗಿ ತುಳಿದರೂ ಪ್ರೆಶರ್ ಪ್ಲೇಟಿನ ಬೆರಳುಗಳು ಹಾಳಾಗುತ್ತವೆ.

ಈ ಕೇಬಲ್ ಸುಡಲು ಇನ್ನೊಂದು ಕಾರಣವಿದೆ, ಯಾರಿಗೂ ಹೊಳೆಯದ್ದು. ಕಿಟ್ಟಿನ ಚಾಸಿಸ್ಸಿಗೆ ಪೌಡರ್ ಕೋಟ್ ಇರುತ್ತದೆ, ಎಂಜಿನ್ ರಬ್ಬರಿನ ಮೇಲೆ ಕೂತಿರುತ್ತದೆ. ಬ್ಯಾಟರಿಯ ನೆಗೆಟಿವ್ ಚಾಸಿಸ್ಸಿಗೆ ಕಟ್ಟಿ, ಚಾಸಿಸ್ಸಿನಿಂದ ಎಂಜಿನ್ನಿಗೆ ದಪ್ಪ ಅರ್ತ್ ಪಟ್ಟಿ ಕಟ್ಟದೆ ಬಿಟ್ಟರೆ, ಸ್ಟಾರ್ಟರಿನ ನೂರಕ್ಕೂ ಹೆಚ್ಚು ಆಂಪಿಯರ್ ಕರೆಂಟು ಸಿಕ್ಕ ದಾರಿಯಲ್ಲಿ ನುಗ್ಗುತ್ತದೆ. ಸಿಗುವ ದಾರಿ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್. ಪಟ್ಟಿ ಕೂರುವ ಜಾಗದಲ್ಲಿ ಬಣ್ಣ ಕೆರೆದು ಬರಿಯ ಲೋಹ ಕಾಣಿಸಿ, ಬಿಗಿದ ಮೇಲೆ ಗ್ರೀಸ್ ಹಚ್ಚಿ.

ಪೆಟ್ರೋಲ್ ಪಂಪಿನಲ್ಲೂ ಹಳೆಯ ಮಸ್ಟ್ಯಾಂಗಿನ ಭಾಗ ಹಾಗೇ ಬಳಸುವ ಆಸೆ ಕೈಕೊಡುತ್ತದೆ. ಇಂಜೆಕ್ಷನ್ ಎಂಜಿನ್ನಿನ ಪಂಪ್ ಸುಮಾರು 39 ಪಿಎಸ್‌ಐ ಒತ್ತಡದ್ದು, ಕಾರ್ಬ್ಯುರೇಟರಿಗೆ ಬೇಕಾದದ್ದು 6ರಿಂದ 7. ನೇರ ಜೋಡಿಸಿದರೆ ನೀಡಲ್ ವಾಲ್ವ್ ತಡೆಯಲಾರದೆ ಪೆಟ್ರೋಲ್ ಬಿಸಿ ಎಂಜಿನ್ನಿನ ಮೇಲೆ ಉಕ್ಕುತ್ತದೆ.

ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಪಂಪನ್ನು ಕೈಯಿಂದ ಓಡಿಸಬೇಕು. ಡಿಸ್ಟ್ರಿಬ್ಯೂಟರ್ ತೂತಿನಿಂದ ಕಾಲು ಇಂಚಿನ ಆರು ಮೂಲೆಯ ಸಾಕೆಟ್ಟನ್ನು ಉದ್ದ ಕಡ್ಡಿಗೆ ಸಿಕ್ಕಿಸಿ, ಡ್ರಿಲ್ಲಿಂಗ್ ಮೆಷಿನ್ನನ್ನು ಗಡಿಯಾರದ ಎದುರು ದಿಕ್ಕಿಗೆ ತಿರುಗಿಸಿ. ಸಾಕೆಟ್ ಕಡ್ಡಿಯಿಂದ ಕಳಚಿ ಒಳಗೆ ಬೀಳದಂತೆ ಟೇಪ್ ಸುತ್ತಿರಿ. ಒತ್ತಡ ಏರಿದಾಗ ಡ್ರಿಲ್ ಒಮ್ಮೆಲೇ ಭಾರವಾಗುತ್ತದೆ, ಮಣಿಕಟ್ಟು ಜೋಪಾನ. ಇನ್ನೊಬ್ಬರು ಕ್ರ್ಯಾಂಕನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಿರಲಿ, ಹದಿನಾರು ರಾಕರ್‌ಗಳಿಂದಲೂ ಆಯಿಲ್ ಜಿನುಗುವವರೆಗೆ. ಡಿಸ್ಟ್ರಿಬ್ಯೂಟರಿನ ಗೇರ್ ಯಾವ ಲೋಹದ್ದೆಂದೂ ಕೇಳಿ ತಿಳಿಯಿರಿ. ಮಸ್ಟ್ಯಾಂಗ್ 5.0ರ ರೋಲರ್ ಕ್ಯಾಮಿಗೆ ಉಕ್ಕಿನದು, ಹಳೆಯ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮಿಗೆ ಎರಕದ ಕಬ್ಬಿಣದ್ದು. ಅದಲುಬದಲಾದರೆ ಹಲ್ಲು ಸವೆದು ಲೋಹದ ಪುಡಿ ಆಯಿಲಿನಲ್ಲಿ ಸುತ್ತುತ್ತದೆ.

ಕೊನೆಯ ಬಲೆ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ. ಹಳೆಯ 302ರದ್ದು 1-5-4-2-6-3-7-8. ಮಸ್ಟ್ಯಾಂಗ್ ಎಚ್‌ಒ (ಹೈ ಔಟ್‌ಪುಟ್) ಎಂಜಿನ್ನಿನದು 1-3-7-2-6-5-4-8. ಇದನ್ನು ನಿರ್ಧರಿಸುವುದು ಬ್ಲಾಕ್ ಅಲ್ಲ, ಒಳಗಿರುವ ಕ್ಯಾಮ್. ಹಳೆಯ ಬ್ಲಾಕಿಗೆ ಹೊಸ ಕ್ಯಾಮ್ ಹಾಕಿರುವುದು ತೀರಾ ಸಾಮಾನ್ಯ. ಎರಡನ್ನೂ ಪಕ್ಕ ಪಕ್ಕ ಬರೆದು ನೋಡಿ, 3, 4, 5, 7 ಇಷ್ಟೇ ಜಾಗ ಬದಲಿಸಿವೆ. ಹಾಗಾಗಿ ತಪ್ಪು ಆರ್ಡರಿನಲ್ಲಿ ವೈರ್ ಹಾಕಿದರೂ ಉಳಿದ ನಾಲ್ಕು ಸಿಲಿಂಡರ್ ಸರಿಯಾಗಿಯೇ ಉರಿಯುತ್ತವೆ, ಎಂಜಿನ್ ಕೆಮ್ಮುತ್ತ, ಕಾರ್ಬ್ಯುರೇಟರಿನಿಂದ ಬೆಂಕಿ ಉಗುಳುತ್ತ ಇನ್ನೇನು ಶುರುವಾಯಿತು ಎಂಬ ಭ್ರಮೆ ಹುಟ್ಟಿಸುತ್ತದೆ. ಜನ ಗಂಟೆಗಟ್ಟಲೆ ಟೈಮಿಂಗ್ ತಿರುಗಿಸುತ್ತ ಕೂರುವುದು ಹೀಗೆ. ಸಿಲಿಂಡರ್ ಎಣಿಕೆ ಬಲಬದಿಯಲ್ಲಿ ಮುಂದಿನಿಂದ ಹಿಂದಕ್ಕೆ 1ರಿಂದ 4, ಎಡಬದಿಯಲ್ಲಿ 5ರಿಂದ 8. ಎಚ್‌ಒ ಆರ್ಡರಿನಲ್ಲಿ 6 ಮತ್ತು 5 ಒಂದರ ಹಿಂದೊಂದು ಉರಿಯುವ ನೆರೆಯವು, ಆ ಎರಡು ವೈರ್‌ಗಳು ಜೊತೆಜೊತೆಗೆ ಓಡದಂತೆ ದೂರ ಕಟ್ಟಿ. ಮೊದಲ ಟೈಮಿಂಗ್ 10 ಡಿಗ್ರಿ ಮುಂಚಿತವಾಗಿ ಇಟ್ಟರೆ ಎಂಜಿನ್ ಹತ್ತುತ್ತದೆ.

ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ ಇದ್ದರೆ ಹತ್ತಿದ ಕೂಡಲೇ 2,000 ಆರ್‌ಪಿಎಂಗೆ ಏರಿಸಿ 20 ನಿಮಿಷ ಇಳಿಸಬೇಡಿ, ಜಿಂಕ್ ಹೆಚ್ಚಿರುವ ಆಯಿಲ್ ಇರಲಿ. ರೋಲರ್ ಕ್ಯಾಮಿಗೆ ಈ ಉಪಚಾರ ಬೇಡ, ತಾಪ ಮತ್ತು ಆಯಿಲ್ ಒತ್ತಡ ನೋಡುತ್ತ ಬಿಸಿಯಾಗಲು ಬಿಟ್ಟರೆ ಸಾಕು. ತಣಿದ ಮೇಲೆ ರೇಡಿಯೇಟರ್ ನೀರು ಮತ್ತೆ ತುಂಬಿ, ಒಳಗಿನ ಗಾಳಿ ಹೊರಟಷ್ಟು ಮಟ್ಟ ಇಳಿದಿರುತ್ತದೆ. ಹೆಡರ್ ಬೋಲ್ಟ್‌ಗಳು ಮೊದಲ ಬಿಸಿಗೇ ಸಡಿಲವಾಗಿರುತ್ತವೆ, ಅವನ್ನು ಮತ್ತೊಮ್ಮೆ ಬಿಗಿಯಿರಿ. ಎಂಜಿನ್ ಮೌಂಟ್, ಗೇರ್‌ಬಾಕ್ಸ್ ಮೌಂಟ್, ಯು-ಜಾಯಿಂಟ್ ಬೋಲ್ಟ್‌ಗಳ ತಲೆಯ ಮೇಲೆ ಬಿಗಿದಾಗಲೇ ಬಣ್ಣದ ಪೆನ್ನಿನಿಂದ ಒಂದೊಂದು ಗೆರೆ ಎಳೆದಿದ್ದರೆ, ಮೊದಲ ನೂರು ಕಿಲೋಮೀಟರ್ ಆದ ಮೇಲೆ ಟಾರ್ಚ್ ಹಿಡಿದು ಕೆಳಗೆ ಮಲಗಿ ಯಾವ ಗೆರೆ ಮುರಿದಿದೆ ಎಂದು ನೋಡಿದರಾಯಿತು.